ನೂರ ಮೂವತ್ತರ ತಂತಿ

ಹೆಂಡತಿ ಗಂಡನಿಗೆ ಸುಳ್ಳು ಹೇಳುವುದೇನು ಹೊಸ ಸಂಗತಿಯಲ್ಲ. ಹೊಸ ಚಪ್ಪಲಿಯನ್ನು ಹೋದ ವರ್ಷದ್ದು ಎನ್ನುವುದು, ಒಡೆದ ಲೋಟವನ್ನು ಬೆಕ್ಕಿನ ತಲೆಗೆ ಕಟ್ಟುವುದು, ಇವೆಲ್ಲ ಯಾವ ಮನೆಯಲ್ಲಿ ನಡೆಯುವುದಿಲ್ಲ ಹೇಳಿ? ಆದರೆ ಗಂಡನ ಗಿಟಾರಿನ ತಂತಿ ಎಷ್ಟು ದಪ್ಪ ಎಂಬ ವಿಷಯದಲ್ಲಿ ಸುಳ್ಳು ಹೇಳಿದವಳು ಬಹುಶಃ ಇವಳೊಬ್ಬಳೇ. ಅದೂ ಒಂದು ಸಲವಲ್ಲ, ಮೂರು ಸಲ. ಪಾಪ, ಕೆಟ್ಟ ಬುದ್ಧಿಯಿಂದಲ್ಲ.

ಇವಳು ಬಟ್ಟೆ ಅಂಗಡಿಯೊಂದಕ್ಕೆ ಆಲ್ಟರೇಷನ್ ಮಾಡಿಕೊಡುವವಳು. ಉದ್ದವಾದ ಪ್ಯಾಂಟು, ಸಡಿಲವಾದ ಸೊಂಟ, ಬಿಗಿಯಾದ ತೋಳು, ಎಲ್ಲ ಗಂಟು ಕಟ್ಟಿಕೊಂಡು ಮನೆಗೆ ಬರುತ್ತಿದ್ದವು. ಮುಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ಅವಳ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ಗಂಡನ ಬೇಸ್ ಗಿಟಾರು. ಗಂಡ ಶನಿವಾರ ಸಂಜೆ ದೊಡ್ಡ ಹೋಟೆಲಿನ ಹಾಲಿನಲ್ಲಿ ಬ್ಯಾಂಡಿನ ಜೊತೆ ನುಡಿಸುತ್ತಿದ್ದ, ಮಿಕ್ಕ ದಿನ ಮದುವೆ, ಪಾರ್ಟಿ ಎಂದು ಕರೆದ ಕಡೆಗೆಲ್ಲ ಹೋಗುತ್ತಿದ್ದ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಇವನದಕ್ಕೆ ಐದು. ಆ ಐದನೆಯದು ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಕೆಳಗಿನ ಸ್ವರದ್ದು. ಅದನ್ನು ಮೀಟಿದರೆ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುತ್ತಿತ್ತು. ಬ್ಯಾಂಡಿನವರೆಲ್ಲ ಅವನನ್ನು ಗುಡುಗಣ್ಣ ಎಂದು ಕರೆಯುತ್ತಿದ್ದದ್ದು ಅದಕ್ಕೇ. ಮಾತಿನಲ್ಲಿ ಮಾತ್ರ ಗುಡುಗಣ್ಣ ಬಹಳ ಸಾಧು ಪ್ರಾಣಿ.

ಆ ಗಿಟಾರಿನ ತಂತಿ ಬದಲಾಯಿಸುವ ಕೆಲಸ ಮದುವೆಯಾದ ಹೊಸತರಲ್ಲೇ ಹೆಂಡತಿಯ ಪಾಲಿಗೆ ಬಂದಿತ್ತು. ದಪ್ಪ ತಂತಿಯನ್ನು ಕತ್ತರಿಸುವ ಮೊದಲು ತುದಿಯನ್ನು ಮಡಿಸಬೇಕು. ಇಲ್ಲದಿದ್ದರೆ ಮೇಲೆ ಸುತ್ತಿದ ಸಣ್ಣ ತಂತಿ ಒಳಗಿನದರ ಮೇಲೆ ಜಾರಿ, ಹೊಚ್ಚ ಹೊಸ ತಂತಿ ನಿಂತ ಜಾಗದಲ್ಲೇ ಸತ್ತುಹೋಗುತ್ತದೆ. ಗುಡುಗಣ್ಣ ಆತುರಗಾರ, ಮಡಿಸದೆ ಕತ್ತರಿಸಿ ಎರಡು ತಂತಿ ಹಾಳು ಮಾಡಿದ. ನೋಡಿದವಳಿಗೆ ತಡೆಯಲಾಗಲಿಲ್ಲ. "ಇಷ್ಟು ಗಾತ್ರದ ದಾರ ಕತ್ತರಿಸೋಕೂ ಬರಲ್ವಲ್ರೀ ನಿಮಗೆ, ಕೊಡಿ ಇಲ್ಲಿ" ಎಂದು ಕಸಿದುಕೊಂಡಳು. ಅವತ್ತಿನಿಂದ ತಂತಿ ಅವಳದು, ಅವಳು ತಂತಿ ಹಾಕುವಾಗ ಚಹಾ ಮಾಡುವುದು ಅವನದು.

ಹೀಗಿದ್ದ ಮನೆಗೆ ಕಾಯಿಲೆ ಬಂತು. ಅವನ ಎಡಗೈಗೆ ಮೊದಲು ಅಂಗಿಯ ಗುಂಡಿ ಸಿಗದಾಯಿತು. ಆಮೇಲೆ ಬಿಸಿ ಲೋಟ ಹಿಡಿದರೂ ಸುಡುವುದು ಗೊತ್ತಾಗದಾಯಿತು. ಹೆಬ್ಬೆರಳಿನ ಬುಡದ ಮಾಂಸ ಇಳಿದು ಅಲ್ಲೊಂದು ಹಳ್ಳ ಬಿತ್ತು. ಡಾಕ್ಟರು ನರದ ಕಾಯಿಲೆ ಎಂದರು, ವಾಸಿಯಾಗುವಂಥದ್ದಲ್ಲ ಎಂದರು. "ಆಗುವಷ್ಟು ದಿನ ನುಡಿಸಿ. ನುಡಿಸ್ತಾ ಇದ್ರೆ ಕೈ ನಿಧಾನವಾಗಿ ಸೋಲುತ್ತೆ. ಬಿಟ್ಟುಬಿಟ್ರೆ ಬೇಗ ಸೋಲುತ್ತೆ, ಬಿಟ್ಟದ್ದನ್ನ ಮತ್ತೆ ಕಲಿಯೋದಿಲ್ಲ" ಎಂದರು. ಗುಡುಗಣ್ಣ ಚೀಟಿಯನ್ನು ಮಡಿಸಿ ಜೇಬಿಗೆ ತುರುಕಿಕೊಂಡು ಎದ್ದ. ಮನೆ ಬಾಗಿಲ ಹತ್ತಿರ ಬಂದಾಗ, "ಡಾಕ್ಟರಿಗೆ ಏನು ಗೊತ್ತು ಬಿಡೆ, ಅವರು ಯಾವತ್ತಾದ್ರೂ ಬೇಸ್ ಮುಟ್ಟಿದಾರಾ?" ಎಂದ.

ಮರುದಿನದಿಂದ ಅವನದೇ ಒಂದು ಪರೀಕ್ಷೆ ಶುರುವಾಯಿತು. ಬೆಳಗ್ಗೆ ಎದ್ದವನೇ ಮಂಚದ ಅಂಚಿನಲ್ಲಿ ಕೂತು ಗಿಟಾರನ್ನು ತೊಡೆಯ ಮೇಲಿಟ್ಟುಕೊಳ್ಳುವುದು. ಗಿಟಾರಿನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ ಪೈಕಿ ತುದಿಯದರಲ್ಲಿ, ಅಂದರೆ ಮೊದಲ ಫ್ರೆಟ್ಟಿನಲ್ಲಿ, ಎಲ್ಲಿ ಒತ್ತಲು ಅತಿ ಕಷ್ಟವೋ ಅಲ್ಲಿ, ದಪ್ಪ ತಂತಿಯನ್ನು ತೋರುಬೆರಳಿನಿಂದ ಒತ್ತಿ ಮೀಟುವುದು. ಸ್ವರ ಶುದ್ಧವಾಗಿ ಬಂದರೆ ಅಲ್ಲಿಂದಲೇ "ಇದೆ ಕಣೇ!" ಎಂದು ಕೂಗುವುದು. ಕೈ ಇನ್ನೂ ಇದೆ ಎಂದರ್ಥ. "ನೂರ ಮೂವತ್ತರ ತಂತಿ ಇದು, ಹುಡುಗಾಟ ಅಲ್ಲ. ಇದನ್ನ ಒತ್ತೋ ತನಕ ನನಗೇನೂ ಆಗಿಲ್ಲ ಅಂತ ತಿಳ್ಕೋ" ಎನ್ನುತ್ತಿದ್ದ. ಆ ಅಂಕಿ ತಂತಿಯ ದಪ್ಪದ ಅಳತೆ, ಪೊಟ್ಟಣದ ಮೇಲೇ ಅಚ್ಚಾಗಿರುತ್ತದೆ. ಡಾಕ್ಟರ ಮಾತು, ಮಾತ್ರೆ, ಎಲ್ಲ ಬದಿಗೆ. ಅವನ ಪಾಲಿಗೆ ಆ ತಂತಿಯೇ ಡಾಕ್ಟರು. ಇವಳು ಮಿಷನ್ನಿನ ಮುಂದೆ ಕೂತು, ಕಾಲನ್ನು ಪೆಡಲಿನ ಮೇಲೆ ತಡೆಹಿಡಿದು, ಆ ಕೂಗಿಗಾಗಿ ಕಾಯುತ್ತಿದ್ದಳು. ಕೂಗು ಬಂದ ಮೇಲೆಯೇ ಹೊಲಿಗೆ.

ಬರುಬರುತ್ತಾ ಕೂಗು ತಡವಾಗತೊಡಗಿತು. ಒಂದೇಟಿಗೆ ಬರುತ್ತಿದ್ದದ್ದು ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಬಂತು. ಒಂದು ಬೆಳಗ್ಗೆಯಂತೂ ಬರಲೇ ಇಲ್ಲ. ಅವನು ಹೊರಗೆ ಬಂದು, "ಇವತ್ತು ನಿದ್ದೆ ಸರಿಯಾಗಿಲ್ಲ" ಎಂದ ರೀತಿ ನೋಡಿ ಇವಳು ಹೊಲಿಗೆ ಬಿಟ್ಟು ಎದ್ದಳು. ಅವತ್ತೇ ಬಟ್ಟೆಯ ಗಂಟು ತಲುಪಿಸುವ ನೆಪದಲ್ಲಿ ಕಿವಿಯಣ್ಣನ ಅಂಗಡಿಗೆ ಹೋದಳು.

ಕಿವಿಯಣ್ಣ ವಾದ್ಯಗಳನ್ನು ಮಾರುವವನು, ರಿಪೇರಿ ಮಾಡುವವನು. ಯಾವ ಗಿಟಾರು ಬಂದರೂ ಅದರ ಮರಕ್ಕೆ ಕಿವಿ ಹಚ್ಚಿ ಕೇಳುವುದರಿಂದ ಆ ಹೆಸರು. ಇವಳು ವಿಷಯ ಹೇಳಿದಾಗ ಅವನು ಕನ್ನಡಕವನ್ನು ಹಣೆಗೇರಿಸಿದ.

"ಗುಡುಗನಿಗೆ ಹೇಳದೇನೇ ಸಣ್ಣ ತಂತಿ ಹಾಕ್ತೀಯಾ ತಂಗಿ?"

"ಹೇಳಿದ್ರೆ ಹಾಕಿಸ್ಕೋತಾರಾ ಅಣ್ಣ?"

ಕಿವಿಯಣ್ಣ ಪೊಟ್ಟಣಗಳನ್ನು ಒಂದೊಂದಾಗಿ ಕೌಂಟರಿನ ಮೇಲೆ ಹರಡಿದ. ಇವಳು ಬಟ್ಟೆ ನೋಡುವವರಂತೆ ಒಂದೊಂದನ್ನೂ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದಳು. ಒಂದರ ಮೈ ಮೀನಿನ ಮೈಯಂತೆ ನುಣುಪು, ಬೆರಳಿಗೆ ಹಿತ. "ಅದು ಬೇಡ, ಒಂದು ಸಲ ಮೀಟಿದ್ರೆ ಸಾಕು, ಇದ್ಯಾವುದೋ ಮಂಕು ತಂತಿ ಅಂತ ಎದ್ದು ನಿಲ್ತಾನೆ" ಎಂದ ಕಿವಿಯಣ್ಣ. ಇನ್ನೊಂದು ಸ್ಟೀಲಿನದು. ಅದರ ದನಿ ಪಾತ್ರೆ ಉಜ್ಜಿದಂತೆ ಚುರುಕು, ಅದನ್ನೂ ಅವನು ಒಪ್ಪುವವನಲ್ಲ. ಕಡೆಗೆ ಅದೇ ಕಂಪನಿಯ ಅದೇ ನಿಕ್ಕಲ್ ತಂತಿ, ತುದಿಗೆ ಅದೇ ಬಣ್ಣದ ರೇಷ್ಮೆ ಸುತ್ತಿದ್ದು, ದಪ್ಪ ಮಾತ್ರ ನೂರ ಇಪ್ಪತ್ತೈದು. "ಇದನ್ನೂ ಅದೇ ಸ್ವರಕ್ಕೇ ಎಳೀಬಹುದು. ಆದ್ರೆ ಬಿಗಿ ಕಮ್ಮಿ ಇರುತ್ತೆ, ಬೆರಳಿಗೆ ಹಗುರ. ಕೈಯಲ್ಲಿ ಜೀವ ಇದ್ದಿದ್ರೆ ಕಂಡುಹಿಡೀತಿದ್ದ. ಈಗ..." ಎಂದವನು ನಾಲಿಗೆ ಕಚ್ಚಿಕೊಂಡ.

ಮನೆಗೆ ಬಂದು ಹಳೆಯ ನೂರ ಮೂವತ್ತರ ಪೊಟ್ಟಣದೊಳಗೆ ಹೊಸ ತಂತಿಗಳನ್ನು ಸುರುಳಿ ಸುತ್ತಿ ಇಟ್ಟಳು. ಭಾನುವಾರ ಅವನ ಕಣ್ಣೆದುರಿಗೇ ಅದನ್ನು ಬಿಚ್ಚಿ ಹಾಕಿದಳು. ಅವನು ಚಹಾ ಮಾಡಿ ತಂದ, ಸಕ್ಕರೆ ಮರೆತಿದ್ದ. ಮರುದಿನ ಬೆಳಗ್ಗೆ ಮೊದಲ ಏಟಿಗೇ "ಇದೆ ಕಣೇ!" ಎಂಬ ಕೂಗು ಬಂತು. ಕೂಗಿದ್ದಷ್ಟೇ ಅಲ್ಲ, ಗಿಟಾರನ್ನು ಕೊರಳಿಗೆ ಹಾಕಿಕೊಂಡೇ ಮುಂದಿನ ಕೋಣೆಗೆ ಬಂದ. "ನೋಡ್ದ್ಯಾ? ಕಾಯಿಲೆ ಹಿಂದಕ್ಕೆ ಹೋಗ್ತಿದೆ!" ಎಂದ. ಆ ಮುಖ ನೋಡಿದ ಯಾವ ಹೆಂಡತಿಗೆ ತಪ್ಪು ಮಾಡಿದೆ ಅನ್ನಿಸೀತು? ಇವಳಿಗಂತೂ ಅನ್ನಿಸಲಿಲ್ಲ.

ಆ ಸಂತೋಷ ಕೆಲವು ತಿಂಗಳು ಬಾಳಿತು. ಮತ್ತೆ ಕೂಗು ತಡವಾದಾಗ ಇನ್ನೊಂದು ಮೆಟ್ಟಿಲು ಇಳಿಸಿದಳು, ನೂರ ಇಪ್ಪತ್ತಕ್ಕೆ. ಮತ್ತೆ ನಗು, ಮತ್ತೆ ಹೋಟೆಲಿನ ಹಾಲಿನಲ್ಲಿ ಗುಡುಗು. ಮೂರನೆಯ ಸಲ ಅವಳೇ ತಾಳ್ಮೆಗೆಟ್ಟು, ಪದೇ ಪದೇ ಯಾಕೆ ಈ ಗೋಳು ಎಂದು ಒಮ್ಮೆಗೇ ನೂರಕ್ಕೆ ಇಳಿದಳು. ಐದೂ ತಂತಿ ಸಣ್ಣಗಾದ ಸೆಟ್ ಅದು. ಕಿವಿಯಣ್ಣ ಕೊಡುವ ಮುಂಚೆ, "ಇಷ್ಟು ಇಳಿಸಿದ್ರೆ ಕತ್ತಿನ ಒಳಗಿನ ಸರಳನ್ನ ಸಡಿಲ ಮಾಡ್ಬೇಕು ತಂಗಿ. ವಾದ್ಯ ತಗೊಂಡು ಬರ್ತೀಯಾ?" ಎಂದು ಕೇಳಿದ್ದ. "ತರ್ತೀನಿ" ಎಂದಿದ್ದಳು. ಹೇಗೆ ತರುವುದು? ಅದನ್ನು ಅವನು ಕಣ್ಣಳತೆಯಿಂದ ಆಚೆ ಬಿಡುವವನಲ್ಲ. ಒಂದು ಮರದ ತುಂಡಿಗೆ ತಂತಿ ಸಣ್ಣದಾದರೇನು ದಪ್ಪದಾದರೇನು ಎಂದು ಸುಮ್ಮನಾದಳು. ಮಿಷನ್ನಿಗೆ ಸಣ್ಣ ದಾರ ಪೋಣಿಸಿದಾಗೆಲ್ಲ ಟೆನ್ಷನ್ ತಿರುಪನ್ನು ಸಡಿಲಿಸುವವಳು ಅವಳು, ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡಿದವಳು. ಅವಳಿಗೆ ಅದು ಹೊಳೆಯಲಿಲ್ಲ ನೋಡಿ.

ಸೋಮವಾರ ಬೆಳಗ್ಗೆ ಹಿಂದಿನ ಕೋಣೆಯಿಂದ ಒಂದು ಸದ್ದು ಬಂತು. ಝರ್ರ್. ತಗಡಿನ ಮೇಲೆ ತಂತಿ ಎಳೆದಂಥ ಸದ್ದು. ಮತ್ತೆ ಮೀಟಿದ, ಮತ್ತೆ ಝರ್ರ್. ಉಸಿರು ಬಿಗಿಹಿಡಿದು ಒತ್ತಿರಬೇಕು, ಮಂಚ ಕಿರುಗುಟ್ಟಿತು. ಮತ್ತೂ ಅದೇ. ಆ ಸದ್ದಿನ ಅರ್ಥ ಬೇಸ್ ನುಡಿಸುವವರಿಗೆಲ್ಲ ಗೊತ್ತು, ಅವರ ಮನೆಯವರಿಗೂ ಗೊತ್ತು. ಬೆರಳು ಸಾಕಷ್ಟು ಒತ್ತದಿದ್ದರೆ ತಂತಿ ಫ್ರೆಟ್ಟಿಗೆ ಬಡಿದು ಹಾಗೆ ಕಿರುಚುತ್ತದೆ.

ಅಯ್ಯೋ, ನೂರರ ತಂತಿ ಅದು! ಮಕ್ಕಳೂ ಒತ್ತಬಹುದಾದ ತಂತಿ! ಅದನ್ನೂ ಒತ್ತಲಾಗದಷ್ಟು ಸೋತುಹೋಯಿತೇ ಆ ಕೈ?

ಅವನು ಹೊರಗೆ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. "ಮುಗೀತು ಕಣೆ" ಎಂದ. ಕುರ್ಚಿಯ ಮೇಲಿದ್ದ ಯಾರದೋ ಪ್ಯಾಂಟನ್ನು ಎತ್ತಿ, ಮಡಿಸಿ, ಬೇರೆ ಕಡೆ ಇಟ್ಟು ಕೂತ. ಆ ಕ್ಷಣದಲ್ಲಿ ಇವಳು ಎಲ್ಲ ಹೇಳಿಬಿಡಬಹುದಿತ್ತು. ಹೇಳಿ ಏನೆನ್ನುವುದು? ನೀವು ಸೋತದ್ದು ನೂರ ಮೂವತ್ತಕ್ಕಲ್ಲ, ನೂರಕ್ಕೆ ಎಂದೇ? ಬಿದ್ದವನನ್ನು ಮತ್ತೆ ತುಳಿದಂತೆ ಅದು. ಬಾಯಿಗೆ ಬೀಗ ಹಾಕಿಕೊಂಡು ಅವನ ಪಕ್ಕದಲ್ಲಿ ಕೂತಳು.

ಅವನು ಹಟ ಹಿಡಿದವನಂತೆ ಆ ವಾರವೇ ಎಲ್ಲ ಮುಗಿಸಿದ. ಬ್ಯಾಂಡಿನ ಡ್ರಮ್ಮರನ ತಂಗಿ ಸಂಗೀತದ ಶಾಲೆಯಲ್ಲಿ ಬೇಸ್ ಕಲಿಸುತ್ತಿದ್ದಳು. ಅವಳನ್ನು ಕರೆಸಿ ಗಿಟಾರನ್ನು ಕೈಗೆ ಕೊಟ್ಟ. ಡ್ರಮ್ಮರ್ "ಅವಸರ ಯಾಕೆ ಗುಡುಗಣ್ಣ, ಒಂದು ತಿಂಗಳು ನೋಡೋಣ, ಅತ್ತಿಗೆ ನೀವಾದ್ರೂ ಹೇಳಿ" ಎಂದು ಅಂಗಲಾಚಿದ. ಇವಳು ಏನು ಹೇಳಿಯಾಳು? ಡ್ರಮ್ಮರನ ತಂಗಿ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡಳು.

"ತಂತಿ ಹೊಸದೇ ಇದೆಯಮ್ಮ, ನೂರ ಮೂವತ್ತು" ಎಂದ ಗುಡುಗಣ್ಣ.

ಆ ಹೆಣ್ಣುಮಗಳ ಬೆರಳು ದಪ್ಪ ತಂತಿಯ ಮೇಲೆ ನಿಂತಿತು. ಹುಬ್ಬು ಗಂಟಾಯಿತು. ತಲೆಯೆತ್ತಿ ಇವಳನ್ನು ನೋಡಿದಳು. ಇವಳು ಗಂಡನ ಬೆನ್ನ ಹಿಂದೆ ನಿಂತು ಕೈ ಮುಗಿದುಬಿಟ್ಟಳು. ಆಕೆ ಬುದ್ಧಿವಂತೆ. "ಹೂಂ, ಒಳ್ಳೆ ದಪ್ಪ ತಂತಿ ಅಣ್ಣ" ಎಂದು ಗಿಟಾರನ್ನು ಚೀಲಕ್ಕೆ ಹಾಕಿದಳು.

ಕೆಲವು ಶನಿವಾರಗಳಾದ ಮೇಲೆ ಗುಡುಗಣ್ಣ, "ಹೋಗಿ ಕೇಳೋಣ ನಡಿ, ಆಕೆಗೂ ಧೈರ್ಯ ಬರುತ್ತೆ" ಎಂದ. ಇಬ್ಬರೂ ಹೋಟೆಲಿನ ಹಾಲಿನ ಹಿಂದಿನ ಮೇಜಿನಲ್ಲಿ ಕೂತರು. ಡ್ರಮ್ಮರನ ತಂಗಿ ಚೆನ್ನಾಗಿಯೇ ನುಡಿಸಿದಳು. ಮೊದಲ ಫ್ರೆಟ್ಟಿನ ಕೆಳಗಿನ ಸ್ವರ ಬಂದಾಗ ಹಾಲಿನ ನೆಲವೆಲ್ಲ ಗುಂಯ್ ಎಂದಿತು. ಝರ್ರ್ ಎಂಬ ಸೊಲ್ಲೇ ಇಲ್ಲ. ಗುಡುಗಣ್ಣ ಹೆಂಡತಿಯ ಕಡೆ ಬಾಗಿದ.

"ಕೇಳಿಸ್ತಾ? ವಾದ್ಯದಲ್ಲಿ ಒಂದು ಕೂದಲಿನಷ್ಟೂ ದೋಷ ಇಲ್ಲ. ಎಲ್ಲ ನನ್ನ ಕೈದೇ" ಎಂದ. ಹೇಳಿ, ಉಳಿದವರೊಡನೆ ಚಪ್ಪಾಳೆ ತಟ್ಟಿದ. ಎಡಗೈ ತಪ್ಪು ತಪ್ಪಾಗಿ ಬಲಗೈಗೆ ತಾಗುತ್ತಿತ್ತು.

ಇವಳ ಹತ್ತಿರ ಮುಂದಿನ ಸಲಕ್ಕೆಂದು ತಂದಿಟ್ಟ ಇನ್ನೊಂದು ಸೆಟ್ ತಂತಿ ಉಳಿದಿತ್ತು. ನೂಲಿನ ಡಬ್ಬಿಯಲ್ಲಿ ಅದು ಕಣ್ಣಿಗೆ ಬಿದ್ದಾಗೆಲ್ಲ ಮುಚ್ಚಳ ಹಾಕಿಬಿಡುತ್ತಿದ್ದಳು. ವಾಪಸು ಕೊಟ್ಟು ಬರೋಣ ಎಂದು ಕಿವಿಯಣ್ಣನ ಅಂಗಡಿಗೆ ಹೋದಳು.

ಕಿವಿಯಣ್ಣ ಪೊಟ್ಟಣ ತೆಗೆದುಕೊಳ್ಳಲಿಲ್ಲ. "ಕೂತ್ಕೋ ತಂಗಿ" ಎಂದ. "ಆ ವಾದ್ಯ ನನ್ನ ಹತ್ರ ಬಂದಿತ್ತು. ನಿಮ್ಮ ಮನೆಯಿಂದ ತಗೊಂಡ ದಿನವೇ ಡ್ರಮ್ಮರನ ತಂಗಿ ಇಲ್ಲಿಗೆ ತಂದ್ಲು. ಮೊದಲ ಫ್ರೆಟ್ಟಲ್ಲಿ ಝರ್ರ್ ಅಂತಿದೆ, ನೋಡಿ ಅಂದ್ಲು."

"ಆಕೆ ನುಡಿಸಿದ್ರೂ?"

"ಯಾರು ನುಡಿಸಿದ್ರೂ. ಪೈಲ್ವಾನ್ ಒತ್ತಿದ್ರೂ ಅಷ್ಟೇ ಆಗ್ತಿತ್ತು. ತಂತಿ ಕತ್ತನ್ನ ಮುಂದಕ್ಕೆ ಎಳೀತಿರುತ್ತೆ, ಒಳಗಿನ ಸರಳು ಹಿಂದಕ್ಕೆ ಎಳೀತಿರುತ್ತೆ. ನೀನು ತಂತಿ ಸಣ್ಣದು ಹಾಕ್ದೆ, ಈ ಕಡೆ ಬಲ ಇಳೀತು. ಸರಳು ಗೆದ್ದು ಕತ್ತು ಹಿಂದಕ್ಕೆ ಬಾಗಿತು, ತಂತಿ ಹೋಗಿ ಫ್ರೆಟ್ಟಿಗೆ ಬಡೀತು. ಸರಳಿನ ತಿರುಪನ್ನ ಬರೀ ಕಾಲು ಸುತ್ತು ಸಡಿಲಿಸ್ದೆ, ಸರಿಹೋಯ್ತು." ಅವನು ಕೌಂಟರನ್ನೇ ನೋಡುತ್ತಾ ಹೇಳಿದ. "ನಾನು ಆವತ್ತೇ ನಿಮ್ಮ ಮನೆಗೆ ಬರಬೇಕಿತ್ತು. ಗುಡುಗ ಏನಂತಾನೋ ಅಂತ ಹೆದರಿದೆ."

ಕಾಲು ಸುತ್ತು! ಒಂದು ಬಾಟಲಿಯ ಮುಚ್ಚಳ ತೆಗೆಯಲು ಅದಕ್ಕಿಂತ ಹೆಚ್ಚು ತಿರುಗಿಸಬೇಕು. ಅವನ ಕೈ ಸೋತಿರಲಿಲ್ಲ. ಸೋಲಿಸಿದವಳು ಅವಳು, ಇಕ್ಕಳ ಹಿಡಿದು, ತುದಿ ಮಡಿಸಿ, ಅಚ್ಚುಕಟ್ಟಾಗಿ. ಮಗುವಿನಂತೆ ನಂಬಿ ಚಹಾ ಮಾಡಿಕೊಟ್ಟಿದ್ದ ಆ ಮನುಷ್ಯ. ಅಂಗಡಿಯ ಸ್ಟೂಲಿನ ಮೇಲೆ ಕೂತು ಸೆರಗೋ ಕರ್ಚೀಫೋ ಹುಡುಕುವ ಗೊಡವೆಯಿಲ್ಲದೆ ಅತ್ತಳು. ಕಿವಿಯಣ್ಣ ಶಟರನ್ನು ಅರ್ಧ ಎಳೆದು, ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸಿದ.

ಅಲ್ಲಿಂದ ನೆಟ್ಟಗೆ ಡ್ರಮ್ಮರನ ಮನೆಗೆ ಹೋದಳು. ಅವನ ತಂಗಿ ಒಂದು ಮಾತೂ ಕೇಳದೆ ಗಿಟಾರಿನ ಚೀಲ ತಂದುಕೊಟ್ಟಳು. "ನಾನೇ ಅವತ್ತು ಬಾಯಿ ಬಿಡಬೇಕಿತ್ತು ಅಕ್ಕ, ನೀವು ಕೈ ಮುಗಿದ್ರಲ್ಲ, ಅದಕ್ಕೆ..." ಎಂದಳು. ಇವಳು ಆಕೆಯ ಕೆನ್ನೆ ಸವರಿ, ಚೀಲವನ್ನು ಹೆಗಲಿಗೇರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡಳು. ಕತ್ತು ಬಾಗಿದ್ದು, ಬಾಗಿಸಿದ್ದು ಸಣ್ಣ ತಂತಿ, ಹಾಕಿದ್ದು ನಾನು. ಬೈಯಲಿ, ಹೊಡೆಯಲಿ, ಮಾತು ಬಿಡಲಿ. ಇವತ್ತು ಒಂದನ್ನೂ ಮುಚ್ಚಿಡುವುದಿಲ್ಲ.

ಅವನು ಕಿಟಕಿಯ ಪಕ್ಕ ಅವಳ ಕುರ್ಚಿಯಲ್ಲೇ ಕೂತಿದ್ದ. "ಇದ್ಯಾಕೆ ತಂದೆ?" ಎಂದ.

"ಆವತ್ತು ಝರ್ರ್ ಅಂದಿದ್ದು ನಿಮ್ಮ ಬೆರಳಿಂದಲ್ಲ ರೀ. ಕತ್ತು ಹಿಂದಕ್ಕೆ ಬಾಗಿತ್ತಂತೆ. ಕಿವಿಯಣ್ಣನೇ ಹೇಳಿದ್ರು. ಯಾರು ನುಡಿಸಿದ್ರೂ ಹಾಗೇ ಬರ್ತಿತ್ತಂತೆ. ಅವರು ಸರಿ ಮಾಡಿದಾರೆ."

ಅವನು ಬಲಗೈಯಿಂದ ಚೀಲದ ಜಿಪ್ಪು ಎಳೆದ. "ನನ್ನ ಕೈಯಲ್ವಾ?"

"ಅಲ್ಲ ರೀ."

ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡ. ಎಡಗೈಯನ್ನು ಬಲಗೈಯಿಂದ ಎತ್ತಿ ಕತ್ತಿನ ಮೇಲೆ ಇಡಬೇಕಾಯಿತು. ತೋರುಬೆರಳನ್ನು ಮೊದಲ ಫ್ರೆಟ್ಟಿಗೆ ತಂದು ಒತ್ತಿ ಮೀಟಿದ. ದಬ್ ಎಂದಿತು. ಝರ್ರ್ ಎನ್ನುವಷ್ಟೂ ಒತ್ತು ಇರಲಿಲ್ಲ. ಮತ್ತೊಮ್ಮೆ ಮೀಟಿದ, ಬೆರಳು ತಂತಿಯಿಂದ ಜಾರಿ ಕೆಳಗಿಳಿಯಿತು. ಡಾಕ್ಟರು ಹೇಳಿದ್ದು ಸುಳ್ಳಾಗಿರಲಿಲ್ಲ. ಬಿಟ್ಟ ಕೆಲಸವನ್ನು ಆ ಕೈ ಬಿಟ್ಟೇ ಬಿಟ್ಟಿತ್ತು. ಇವಳಿಗೆ ನೋಡಲಾಗಲಿಲ್ಲ. ಆದರೆ ಅವನ ಮುಖದಲ್ಲಿ ಅವಳು ಎಣಿಸಿದ್ದ ನೋವು ಇರಲಿಲ್ಲ.

"ಈಗ ಆಗಲ್ಲ, ಬಿಡು. ಅದು ಹೋಗೋದೇ ಇತ್ತು" ಎಂದ. "ಆದ್ರೆ ಆವತ್ತು ಇತ್ತಲ್ಲೇ! ಆವತ್ತು ನಾನು ನೂರ ಮೂವತ್ತನ್ನ ಸರಿಯಾಗೇ ಒತ್ತಿದ್ದೆ." ಎಡಗೈಯನ್ನು ಮಡಿಲಿಗೆ ತಂದು ಬಲಗೈಯಿಂದ ಸವರತೊಡಗಿದ. "ಪಾಪ, ಇದನ್ನ ಎಷ್ಟು ಬೈದಿದೀನಿ ಗೊತ್ತಾ? ನಿನ್ನ ಮುಂದೆ ಅಲ್ಲ, ಬಚ್ಚಲಲ್ಲಿ. ಮೋಸ ಮಾಡಿದೆ, ಕೈ ಕೊಟ್ಟೆ ಅಂತ ಬಾಯಿಗೆ ಬಂದ ಹಾಗೆ ಬೈದಿದೀನಿ. ಇದು ಏನೂ ಮಾಡಿರ್ಲಿಲ್ಲ." ಅವನ ಕಣ್ಣು ತುಂಬಿ ಬಂದವು, ತುಟಿಯಲ್ಲಿ ನಗುವೂ ಇತ್ತು. ಆಮೇಲೆ ಏನೋ ಹೊಳೆದಂತೆ ತಲೆಯೆತ್ತಿದ. "ಅಲ್ಲಾ, ಇಷ್ಟು ವರ್ಷ ಬಾಗದ ಕತ್ತು ಆವತ್ಯಾಕೆ ಬಾಗಿತು?"

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲೆಂದೇ ಬಂದಿದ್ದಳು. ಆದರೆ ಅದನ್ನು ಹೇಳಿದರೆ ನೂರ ಮೂವತ್ತನ್ನು ಒತ್ತಿದ ಆ ಕೈಯೂ ಹೋಗುತ್ತದೆ, ಈಗ ಅವನ ಹತ್ತಿರ ಉಳಿದಿರುವುದು ಅದೊಂದೇ.

"ಹವೆ" ಎಂದಳು. "ಒಣ ಹವೆಗೆ ಮರ ಹಾಗೆ ಮಾಡುತ್ತಂತೆ."

"ಹವೆ!" ಎಂದು ಅವನು ನಿಟ್ಟುಸಿರು ಬಿಟ್ಟ. "ಹವೆಯನ್ನ ಬೈಯೋಕಾಗುತ್ತಾ ಹೇಳು."

ಅವಳ ಅಳು ಕಟ್ಟೆಯೊಡೆಯಿತು. ನೆಲದ ಮೇಲೆ ಕುಸಿದು ಅವನ ಮಂಡಿಗೆ ಹಣೆ ಒತ್ತಿದಳು. ತನಗಾಗಿ ಅಳುತ್ತಿದ್ದಾಳೆ ಎಂದು ಅವನು ತಿಳಿದ. "ಏಯ್, ಅಳಬಾರದು, ಒಳ್ಳೆ ಸುದ್ದಿ ತಂದು ಯಾರಾದ್ರೂ ಅಳ್ತಾರಾ?" ಎಂದು ಎಡಗೈಯಿಂದಲೇ ಅವಳ ಕೈ ಹಿಡಿದ. ಹಿಡಿದನೆಂದರೆ, ಬೆರಳುಗಳು ಅವಳ ಬೆರಳುಗಳ ಮೇಲೆ ಬಂದು ಒರಗಿದವು ಅಷ್ಟೆ. ಅವನು ಹಲ್ಲು ಕಚ್ಚಿ, ಕೊರಳಿನ ನರ ಉಬ್ಬುವಷ್ಟು ಬಲವಾಗಿ ಹಿಡಿಯುತ್ತಿದ್ದ. ಅವಳಿಗೆ ಒಂದಿಷ್ಟೂ ಒತ್ತು ತಾಗಲಿಲ್ಲ.

"ನೋವಾಗ್ತಿದೆಯಾ?" ಎಂದು ಕೇಳಿದ.

"ಹೂಂ ರೀ" ಎಂದಳು. "ಸ್ವಲ್ಪ ಸಡಿಲ ಬಿಡಿ."